ಅತ್ತೂರು ಜಾತ್ರೆಯಲ್ಲಿ ಅಮ್ಮನ ಕೈಹಿಡಿದ ಅಕ್ಕನಿಗೆ

ಜನವರಿಯ ಅತ್ತೂರು ಜಾತ್ರೆಯಲ್ಲಿ ನಮ್ಮ ಅಮ್ಮನನ್ನು ನೋಡಿಕೊಂಡ ಸ್ವಯಂಸೇವಕಿ ಅಕ್ಕ, ನಿಮ್ಮ ಹೆಸರು ಕೇಳಲು ಆಗಲೇ ಇಲ್ಲ. ಈ ಬರಹ ನಿಮ್ಮನ್ನು ಮುಟ್ಟಲಿ.

ಈ ಜಾತ್ರೆ ನಡೆಯುವ ಕಾರ್ಕಳದ ಸಂತ ಲಾರೆನ್ಸರ ಇಗರ್ಜಿ (ಚರ್ಚು) 2016ರಲ್ಲಿ ಬಸಿಲಿಕಾ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಚರ್ಚು ಆಯಿತು. ಆದರೆ ನಮ್ಮಂಥ ಹಿಂದೂ ಮನೆಗಳವರು ಅದಕ್ಕೂ ಬಹಳ ಹಿಂದಿನಿಂದ ಅಲ್ಲಿಗೆ ಹರಕೆ ಹೊತ್ತು ಹೋಗುವವರು. ಅಮ್ಮನದೂ ಮೊಂಬತ್ತಿಯ ಹರಕೆ. ಸಾಲಿನಲ್ಲಿ ತಲೆಸುತ್ತಿ ಕುಸಿದಾಗ ನೀವು ಓಡಿಬಂದಿರಿ. ನೆರಳಿಗೆ ಕರೆದೊಯ್ದು, ಬೆಲ್ಲ ನೀರು ಕುಡಿಸಿ, ಸೆರಗಿನಲ್ಲಿ ಗಾಳಿ ಹಾಕುತ್ತಾ ತುಳುವಿನಲ್ಲಿ ಮಾತಾಡಿಸಿದಿರಿ. ಜಾತಿ, ಊರು ಯಾವುದನ್ನೂ ಕೇಳಲಿಲ್ಲ.

ಒಂದನ್ನು ಮಾತ್ರ ಕೇಳಿದಿರಿ: "ನಿಮಗೋಸ್ಕರ ಒಂದು ಪ್ರಾರ್ಥನೆ ಮಾಡಲಾ?" ಅಮ್ಮ ತಲೆಯಾಡಿಸಿದ ಮೇಲೆಯೇ ಕೊರಳ ಜಪಮಾಲೆ ಹಿಡಿದು ಶಿಲುಬೆಯ ಗುರುತು ಮಾಡಿದಿರಿ. ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿರುವುದು ಆ ಪ್ರಶ್ನೆಯೇ. ನಿಮ್ಮ ನಂಬಿಕೆಯನ್ನು ನೀವು ಮುಚ್ಚಿಡಲಿಲ್ಲ, ನಮ್ಮ ಮೇಲೆ ಹೇರಲೂ ಇಲ್ಲ. ಅಮ್ಮ ತನ್ನ ಮನೆದೈವವನ್ನು ನೆನೆದು ಕೈಮುಗಿದಾಗ ನೀವು ಸುಮ್ಮನೆ ಪಕ್ಕದಲ್ಲಿ ಕೂತಿದ್ದಿರಿ. ಧರ್ಮದ ಹೆಸರಿನಲ್ಲಿ ಕರಾವಳಿಯಲ್ಲಿ ಎಷ್ಟೋ ಕಹಿ ಕಂಡಿದ್ದೇವೆ. ಅದಕ್ಕೇ ಇದು ನನಗೆ ಸಣ್ಣ ಸಂಗತಿಯಲ್ಲ.

ರೋಮಿನ ಅಧಿಕಾರಿ ಚರ್ಚಿನ ಸಂಪತ್ತನ್ನು ಒಪ್ಪಿಸು ಎಂದಾಗ ಲಾರೆನ್ಸರು ಬಡವರನ್ನು, ರೋಗಿಗಳನ್ನು ಮುಂದೆ ನಿಲ್ಲಿಸಿದರಂತೆ. ಈ ಕಥೆಯನ್ನು ಆಮೇಲೆ ಕೇಳಿದೆ, ನಿಮ್ಮ ಮುಖವೇ ಕಣ್ಣ ಮುಂದೆ ಬಂತು.

ಅಮ್ಮ ಈಗ ಆರಾಮವಾಗಿದ್ದಾರೆ ಅಕ್ಕ. ಮುಂದಿನ ಜಾತ್ರೆಗೂ ಬರುತ್ತೇವೆ. ಸಿಕ್ಕರೆ ಮನೆಗೆ ಊಟಕ್ಕೆ ಕರೆಯಬೇಕೆಂದು ಅಮ್ಮನ ಆಸೆ, ದಯವಿಟ್ಟು ಬನ್ನಿ.