ಮರುಗುವ ಮೊದಲು ನೋಡು

ಪ್ರಿಯ ಗೆಳತಿ,

ನಿನ್ನ ಲಿಮಾ ಪ್ರವಾಸದ ಬರಹ ತಲುಪಿತು. ಜೊತೆಗಿದ್ದ ಪತ್ರದಲ್ಲಿ ‘ಇದೇ ಕೊನೆ, ಇನ್ನು ಬರೆಯುವುದಿಲ್ಲ’ ಎಂದಿದ್ದೀಯಲ್ಲ, ಆ ಸಾಲು ಓದಿ ಸಿಟ್ಟು ಬಂತು. ಬರಹ ಓದಿದ ಮೇಲೆ ಸಿಟ್ಟು ಇನ್ನೂ ಹೆಚ್ಚಿತು. ಅದರ ನಾಲ್ಕನೆಯ ಪುಟ ಬರೆದವಳಿಗೆ ನಿಲ್ಲಿಸುವ ಹಕ್ಕಿಲ್ಲ. ಕಾಗುಣಿತ, ವಾಕ್ಯದ ಉದ್ದ, ಯಾವ ಪತ್ರಿಕೆಗೆ ಕಳುಹಿಸಬೇಕು ಎಂಬುದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನಾನು ಹೇಳಬೇಕಾದದ್ದು ಇಷ್ಟೇ: ಕಂಡದ್ದನ್ನು ಪೂರ್ತಿ ಹೇಳುವ ಮೊದಲೇ ನೀನು ಮರುಗಲು ಶುರುಮಾಡುತ್ತೀಯ.

ನಾಲ್ಕನೆಯ ಪುಟದಲ್ಲಿ ಹಾಗಾಗಿಲ್ಲ. ಲಿಮಾದ ಬರಾಂಕೋ ಬಡಾವಣೆಯ ಪೆದ್ರೊ ದೆ ಓಸ್ಮಾ ಮ್ಯೂಸಿಯಂನ ದೇವದೂತನನ್ನು ಎಷ್ಟು ನಿಧಾನವಾಗಿ ನೋಡಿದ್ದೀಯ! ತೋಳಿನ ತುದಿಗೆ ಲೇಸು, ಟೊಪ್ಪಿಗೆಯಲ್ಲಿ ಗರಿ, ಕೈಯಲ್ಲಿ ಉದ್ದನೆಯ ಬಂದೂಕು. ಉಡುಪಿನ ಮಡಿಕೆಗಳನ್ನು ಲೆಕ್ಕಿಸದೆ ಚಿನ್ನದ ಹೂಬಳ್ಳಿ ಸಪಾಟಾಗಿ ಹರಿದಿದೆ ಎಂದು ಬರೆದಿದ್ದೀಯ. ಪೆರುವಿನ ಕುಸ್ಕೋ ಊರಿನ ಚಿತ್ರಶೈಲಿಯ ಜೀವವೇ ಅಲ್ಲಿದೆ, ಯಾರೂ ಹೇಳಿಕೊಡದೆ ನೀನದನ್ನು ಹಿಡಿದೆ. ಆ ಬಂದೂಕಿನ ಭಂಗಿಗಳ ಹಿಂದೆ 1607ರ ಡಚ್ ಕವಾಯತು ಪುಸ್ತಕವೊಂದರ ಕೆತ್ತನೆಚಿತ್ರಗಳಿವೆ ಎಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ನಿನಗದು ಗೊತ್ತಿಲ್ಲದಿದ್ದರೂ ಪುಟಕ್ಕೆ ಏನೂ ಕೊರತೆಯಾಗಿಲ್ಲ.

ಮುಂದಿನ ಪುಟದಲ್ಲಿ 1718ರಲ್ಲಿ ಬಿಡಿಸಿದ ಹಳೆಯ ಮದುವೆಯೊಂದರ ಚಿತ್ರದ ಮುಂದೆ ನಿಂತು ಏನು ಬರೆದೆ? ‘ವಸಾಹತುಶಾಹಿಯ ಕ್ರೌರ್ಯ ನೆನೆದು ಕಣ್ಣು ತುಂಬಿ ಬಂತು.’ ಅಷ್ಟೇ. ಆ ಚಿತ್ರದ ಮುಂದೆ ನಾನೂ ನಿಂತವಳು, ಹಾಗಾಗಿ ಬಿಡಲಾರೆ.

ಮದುಮಗ ಸ್ಪೇನಿನ ಸೇನಾನಿ ಮಾರ್ತಿನ್ ಗಾರ್ಸಿಯಾ ದೆ ಲೊಯೋಲಾ. 1572ರಲ್ಲಿ ಕೊನೆಯ ಇಂಕಾ ದೊರೆ ತೂಪಾಕ್ ಅಮಾರುವನ್ನು ಸೆರೆಹಿಡಿದವನು ಅವನೇ. ದೊರೆಯ ತಲೆಯನ್ನು ಕುಸ್ಕೋದ ಚೌಕದಲ್ಲಿ ಕಡಿದರು. ಮದುಮಗಳು ಬೆಯಾತ್ರಿಸ್ ಆ ದೊರೆಯ ಅಣ್ಣನ ಮಗಳು. ಎಡಗಡೆ ಮೇಲೆ, ಹೆಣ್ಣಿನ ಕಡೆಯವರ ನಡುವೆ ತೂಪಾಕ್ ಅಮಾರುವೂ ಕುಳಿತಿದ್ದಾನೆ. ಸತ್ತವನು ತನ್ನನ್ನು ಹಿಡಿದು ತಂದವನ ಮದುವೆಗೆ ಬಂದಿದ್ದಾನೆ! ಬಲಗಡೆ ಈ ದಂಪತಿಯ ಮಗಳ ಮದುವೆ, ಸ್ಪೇನಿನ ಬೋರ್ಹಾ ಮನೆತನದವನೊಂದಿಗೆ. ಅಷ್ಟರಲ್ಲಿ ಅಪ್ಪನೂ ಇರಲಿಲ್ಲ. 1598ರಲ್ಲಿ ಚಿಲಿಯಲ್ಲಿ ಅಲ್ಲಿನ ಮೂಲನಿವಾಸಿ ಮಾಪುಚೆ ಯೋಧರ ಕೈಯಲ್ಲಿ ಸತ್ತಿದ್ದ. ತಾಯಿ ಇಂಕಾ ಉಡುಗೆಯಲ್ಲಿದ್ದಾಳೆ, ಮಗಳು ಸ್ಪ್ಯಾನಿಷ್ ಉಡುಗೆಯಲ್ಲಿ. ನಡುವೆ ಎರಡೂ ಗಂಡಿನ ಕಡೆಯ, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಸಂತರು, ಇಗ್ನೇಷಿಯಸ್ ಲೊಯೋಲಾ ಮತ್ತು ಫ್ರಾನ್ಸಿಸ್ ಬೋರ್ಹಾ.

ಜೆಸ್ಯೂಟರಿಗೆ ಇದು ಹೆಮ್ಮೆಯ ಬೀಗತನ. ಬಿಡಿಸಿದವನ ಹೆಸರು ನಮಗೆ ಉಳಿದಿಲ್ಲ. ಕುಸ್ಕೋದ ಮೂಲನಿವಾಸಿ ಚಿತ್ರಕಾರರು 1688ರಲ್ಲೇ ಸ್ಪ್ಯಾನಿಷ್ ಚಿತ್ರಕಾರರೊಂದಿಗೆ ಜಗಳವಾಡಿ ಸಂಘದಿಂದ ಹೊರಬಂದಿದ್ದರು. ಅಂಥ ಊರಿನ ಕಲೆ ಇದು. ಆ ಚಿತ್ರಕಾರ ಯಾರನ್ನೂ ದೂರಿಲ್ಲ, ಅತ್ತಿಲ್ಲ. ಯಾರು ಎಲ್ಲಿ ಕೂರಬೇಕೋ ಅಲ್ಲಿ ಕೂರಿಸಿದ್ದಾನೆ. ಮೂರು ಶತಮಾನವಾದ ಮೇಲೂ ತೂಪಾಕ್ ಅಮಾರುವಿನ ಆಸನದತ್ತ ಕಣ್ಣು ಹೋದರೆ ಎದೆ ಧಸಕ್ಕೆನ್ನುತ್ತದೆ. ನಿನ್ನ ಕಣ್ಣೀರಿನ ಸಾಲು ಓದಿದಾಗ ನನಗೆ ಹಾಗಾಗಲಿಲ್ಲ ಮಗು.

ಈ ಚಟ ನಿನಗೆ ಅಂಟಿದ್ದು ಎಲ್ಲಿಂದ ಎಂದು ಬಲ್ಲೆ. ನನ್ನ ಕಾಲದಲ್ಲೂ ಒಬ್ಬ ಸಂಪಾದಕರು ‘ಸ್ವಲ್ಪ ಭಾವನೆ ಸೇರಿಸಿ’ ಎನ್ನುತ್ತಿದ್ದರು. ನಾನು ಒಪ್ಪದಿದ್ದಾಗ ಲೇಖನದ ಕೊನೆಗೆ ತಾವೇ ಒಂದು ಪ್ಯಾರಾ ಗೋಳು ಸೇರಿಸಿ ಅಚ್ಚು ಹಾಕಿದರು. ಓದುಗರ ಮೆಚ್ಚುಗೆಯೆಲ್ಲ ಆ ಪ್ಯಾರಾಕ್ಕೇ ಬಂತು. ಅದರ ಉರಿ ಇಂದಿಗೂ ಆರಿಲ್ಲ. ನಿನ್ನನ್ನು ಯಾರಾದರೂ ಹಾಗೆ ಹೊಗಳಿದರೆ ದಯವಿಟ್ಟು ನಂಬಬೇಡ.

ಮ್ಯೂಸಿಯಂ ಇರುವ ಮನೆಯ ವಿಷಯವನ್ನೂ ಅರ್ಧ ಸಾಲಿಗೆ ಮುಗಿಸಿದ್ದೀಯ. ಇಪ್ಪತ್ತನೆಯ ಶತಮಾನದ ಆರಂಭದ ಸಿರಿವಂತರ ಬಿಳಿ ಬಂಗಲೆ ಅದು. ಒಳಗಿನ ಚಿತ್ರಗಳು ಅದಕ್ಕಿಂತ ಎಷ್ಟೋ ಹಳೆಯವು. ಭಕ್ತರು ಮಂಡಿಯೂರಲೆಂದು ಬಿಡಿಸಿದ ದೇವಮಾತೆ ಆ ಮನೆಯ ಗೋಡೆಯ ಮೇಲೆ ಹೇಗೆ ಕಂಡಳು? ನೀನು ನೋಡಿರುತ್ತೀಯ, ಬರೆದಿಲ್ಲ.

ಐದನೆಯ ಪುಟವನ್ನು ಹರಿದು ಹಾಕು. ಹೊಸದನ್ನು ದೀಪಾವಳಿಯೊಳಗೆ ಕಳುಹಿಸು. ಬೆಯಾತ್ರಿಸ್ ಉಟ್ಟ ಬಟ್ಟೆಯ ವಿನ್ಯಾಸದಿಂದ ಶುರುಮಾಡಿದರೂ ಸರಿ. ಅದರಲ್ಲಿ ಕಣ್ಣೀರು ಎಂಬ ಪದ ಕಂಡರೆ ಮುಂದೆ ಓದದೆ ಹಿಂದಿರುಗಿಸುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ