ಇಳಿಯುವ ಲೆಕ್ಕ

ಪ್ರಿಯ ಗೆಳೆಯ,

ನಾನು ಮತ್ತೆ ಬೆಟ್ಟ ಹತ್ತಿದೆನೆಂಬ ಸುದ್ದಿಗೆ ನೀನು ಎಲ್ಲರಿಗೂ ಕಾಣುವಂತೆ ಬರೆದ ಅಭಿನಂದನೆಯನ್ನು ಓದಿದೆ. ಅದನ್ನು ಓದಿದವರು ನಾನು ಯಾವುದೋ ಹಿಮಶಿಖರದಿಂದ ತೆವಳಿಕೊಂಡು ಬಂದಿದ್ದೇನೆ ಎಂದುಕೊಂಡಾರು. ಹಾಗೆ ನಿಜವಾಗಿ ತೆವಳಿ ಬಂದವರು ಬ್ರಿಟಿಷ್ ಪರ್ವತಾರೋಹಿ ಡಗ್ ಸ್ಕಾಟ್. 1977ರಲ್ಲಿ ಕಾರಕೋರಂ ಪರ್ವತಶ್ರೇಣಿಯ ಓಗ್ರ್ ಶಿಖರವನ್ನು ಮುಟ್ಟಿ ಇಳಿಯತೊಡಗಿದಾಗಲೇ ಎರಡೂ ಕಾಲುಗಳನ್ನು ಮುರಿದುಕೊಂಡು, ಸಂಗಾತಿಗಳ ನೆರವಿನಿಂದ ಮಂಡಿಯೂರಿಕೊಂಡೇ ದಿನಗಟ್ಟಲೆ ಇಳಿದು ಬದುಕಿದರು. ದಿಂಬಿನ ಮೇಲೆ ಕಾಲಿಟ್ಟು ತಿಂಗಳುಗಟ್ಟಲೆ ಮಲಗಿದ್ದು, ಆಮೇಲೆ ಮಕ್ಕಳೂ ಹತ್ತುವ ಬೆಟ್ಟವನ್ನು ಹತ್ತಿ, ಮಕ್ಕಳಿಗಿಂತ ನಿಧಾನವಾಗಿ ಇಳಿದವನನ್ನು ದಯವಿಟ್ಟು ಆ ಸಾಲಿನಲ್ಲಿ ಕೂರಿಸಬೇಡ.

ಉತ್ತರವನ್ನೂ ನಾಲ್ಕು ಜನರ ಮುಂದೆಯೇ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿನಗೊಬ್ಬನಿಗೇ ಬರೆದರೆ ನೀನು ಆ ಹಳದಿ ನಗುಮುಖವೊಂದನ್ನು ಕಳುಹಿಸಿ ಸುಮ್ಮನಾಗುತ್ತೀಯೆ.

ಮಂಡಿಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಎಸಿಎಲ್ ಎಂದು ವೈದ್ಯರು ಕರೆಯುವ ಅಸ್ಥಿರಜ್ಜು ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಮಂಡಿಯೊಳಗೆ ಓರೆಯಾಗಿ ಬಿಗಿದಿಟ್ಟಿರುತ್ತದೆ. ಪಾದ ಕಲ್ಲುಗಳ ನಡುವೆ ಸಿಕ್ಕಿಕೊಂಡು ದೇಹ ಮಾತ್ರ ತಿರುಗಿದರೆ ಅದು ಹರಿಯುತ್ತದೆ. ನನ್ನದು ಹರಿದದ್ದೂ ಹಾಗೆಯೇ. ಅದರ ಜಾಗಕ್ಕೆ ತೊಡೆಯ ಹಿಂಬದಿಯಿಂದ ತೆಗೆದ ಸ್ನಾಯುರಜ್ಜನ್ನು ಕೂರಿಸಿದರು. ಹಾಗೆ ಕೂರಿಸಿದ ರಜ್ಜು ದಿನದಿನಕ್ಕೂ ಬಲಗೊಳ್ಳುತ್ತಾ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಅದು ಹಾಗಲ್ಲ, ದೇಹ ಅದನ್ನು ತನ್ನದಾಗಿಸಿಕೊಳ್ಳುವ ಮೊದಲ ಕೆಲವು ತಿಂಗಳುಗಳಲ್ಲಿ ಅದು ಇನ್ನಷ್ಟು ದುರ್ಬಲವಾಗಿ, ಆಮೇಲೆ ಮತ್ತೆ ನಿಧಾನವಾಗಿ ಗಟ್ಟಿಯಾಗುತ್ತದೆ. ಊತ ಇಳಿದು, ನೋವು ಮಾಯವಾಗಿ, ಊರುಗೋಲನ್ನು ಮೂಲೆಗೆ ತಳ್ಳಿ ನಾವು ಎದೆಯುಬ್ಬಿಸಿಕೊಂಡು ಓಡಾಡತೊಡಗುವ ಹೊತ್ತಿನಲ್ಲೇ ಒಳಗಿನ ರಜ್ಜು ಅತ್ಯಂತ ಸೋತ ಸ್ಥಿತಿಯಲ್ಲಿರುತ್ತದೆ. ಮಂಡಿ ತಿರುಚುವಂಥ ಆಟಗಳಿಗೆ 9 ತಿಂಗಳಾದರೂ ಕಾಯಬೇಕೆಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಕೊನೆಯಲ್ಲಿ ಒಂದು ಪರೀಕ್ಷೆಯೂ ಇರುತ್ತದೆ. ಗಾಯಗೊಂಡ ಕಾಲಿನ ಬಲ ಇನ್ನೊಂದು ಕಾಲಿನ ಬಲದ ಶೇ. 90ರಷ್ಟಾದರೂ ಇರಬೇಕೆಂಬುದು ಸಾಮಾನ್ಯವಾದ ಅಳತೆ. ಆದರೆ ಯಜಮಾನನೇ ಮಲಗಿಬಿಟ್ಟಿರುವಾಗ ಆ ಇನ್ನೊಂದು ಕಾಲೂ ಸೊರಗಿರುತ್ತದೆಯಾದ್ದರಿಂದ, ಎರಡೂ ಕಾಲುಗಳು ಜೊತೆಯಾಗಿ ಸೋತಿದ್ದರೆ ಅಂಕಗಳು ಚೆನ್ನಾಗಿಯೇ ಬರುತ್ತವೆ. ನನಗೆ ಬಹಳ ಚೆನ್ನಾಗಿ ಬಂದವು.

ಹತ್ತುವಾಗ ತೊಂದರೆಯೇ ಆಗಲಿಲ್ಲ. ಉಸಿರು ಏರಿತು, ಬೆವರು ಇಳಿಯಿತು, ಅಷ್ಟೇ. ಕಾಲದ ಲೆಕ್ಕ ಹಾಕುವ ಹಳೆಯ ಚಾಳಿಯನ್ನು ನಾನು ಬಿಟ್ಟಿಲ್ಲವೆಂದು ನಿನಗೆ ಗೊತ್ತು. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದಂತೆ, ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಶಿಖರ ತಲುಪಿದಾಗ ಗಡಿಯಾರ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸುತ್ತಿತ್ತು. ಆ ಮಹಾಶಯ ಇಳಿಯುವುದಕ್ಕೆ ಪ್ರತ್ಯೇಕವಾದ ಲೆಕ್ಕವನ್ನೇ ಇಡಲಿಲ್ಲ. ಮುಂದೆ ಲ್ಯಾಂಗ್ಮಿಯರ್ ಎಂಬುವರು ಅದನ್ನು ತಿದ್ದಿ, ಇಳಿಜಾರು 12 ಡಿಗ್ರಿಗಿಂತ ಕಡಿದಾಗಿದ್ದರೆ ಇಳಿಯುವ ಪ್ರತಿ 300 ಮೀಟರಿಗೆ 10 ನಿಮಿಷ ಸೇರಿಸಿಕೊಳ್ಳಬೇಕೆಂದರು. ನಾನು ಸೇರಿಸಿಕೊಂಡದ್ದನ್ನು ಕಂಡಿದ್ದರೆ ಅವರೂ ಪೆನ್ನು ಕೆಳಗಿಡುತ್ತಿದ್ದರು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾಗುತ್ತದೆ, ಆದ್ದರಿಂದಲೇ ಮರುದಿನ ಮೆಟ್ಟಿಲು ಕಂಡರೆ ಅಳು ಬರುತ್ತದೆ ಎಂಬುದೆಲ್ಲ ನಿಜ. ಆದರೆ ನಾನು ನಿಂತದ್ದು ಅದಕ್ಕಲ್ಲ.

ಕಡಿದಾದ ಮೊದಲ ಇಳಿಜಾರಿನಲ್ಲಿಯೇ ನಿಂತೆ. ಮಂಡಿಗೆ ಕಟ್ಟಿದ್ದ ಪಟ್ಟಿಯನ್ನು ನೋಡಿ ಹಿಂದಿನಿಂದ ಬಂದವರು ಮರ್ಯಾದೆಯಿಂದ ಬದಿಗೆ ಸರಿದು ಮುಂದೆ ಹೋದರು. ಹುಡುಗನೊಬ್ಬ ಚೀಲ ಹೊರುತ್ತೇನೆಂದೂ ಕೇಳಿದ. ‘ಆಪರೇಷನ್ ಆಗಿದೆ’ ಎಂದು ನಾನು ತುಸು ನಕ್ಕೆ. ಹೇಳಿದ್ದು ಸುಳ್ಳಲ್ಲ. ಆದರೆ ಮಂಡಿ ನೋಯುತ್ತಿರಲಿಲ್ಲ, ನಡುಗುತ್ತಲೂ ಇರಲಿಲ್ಲ. ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದ ಭಯ ಗಾಯಕ್ಕಿಂತ ಬಹಳ ಹಳೆಯದು. ನಾವು ಜೊತೆಯಾಗಿ ನಡೆದಷ್ಟೂ ಕಾಲ, ಇಳಿಯುವ ಹೊತ್ತಿಗೆ ಸರಿಯಾಗಿ ನನ್ನ ಶೂ ಲೇಸು ಬಿಚ್ಚಿಕೊಳ್ಳುತ್ತಿತ್ತು, ನೆನಪಿದೆಯೆ? ಕೊನೆಯಲ್ಲಿ ಬರುವವರನ್ನು ನೋಡಿಕೊಳ್ಳುತ್ತೇನೆಂದು ನಾನು ಹಿಂದುಳಿಯುತ್ತಿದ್ದೆ. ನೀವೆಲ್ಲ ಅದನ್ನು ಜವಾಬ್ದಾರಿಯೆಂದು ಹೊಗಳುತ್ತಿದ್ದಿರಿ. ನಾನು ಕುಳಿತು ಜಾರಿಕೊಂಡು ಇಳಿಯುವುದನ್ನು ಯಾರೂ ನೋಡಬಾರದೆಂಬುದಷ್ಟೇ ಅದರೊಳಗಿನ ಗುಟ್ಟು. ಬಿದ್ದ ದಿನವೂ ಭಯವೇ ಮೊದಲು ಬಂದದ್ದು. ಭಯಪಟ್ಟವನು ಹಿಂದಕ್ಕೆ ವಾಲುತ್ತಾನೆ, ವಾಲಿದವನ ಹಿಮ್ಮಡಿ ಜಾರುತ್ತದೆ. ಮೈಭಾರವನ್ನು ಪಾದಗಳ ಮೇಲೆಯೇ ಇರಿಸಿಕೊಳ್ಳಬೇಕೆಂದು ನೀನೇ ಎಷ್ಟು ಸಲ ಕೂಗಿಲ್ಲ? ಗಾಯದಿಂದ ಭಯ ಹುಟ್ಟಿತೆಂದು ಈಗ ಎಲ್ಲರೂ ಕನಿಕರಪಡುತ್ತಾರೆ, ನಾನೂ ತಲೆಯಾಡಿಸುತ್ತೇನೆ. ಮಂಡಿ ಪೂರ್ತಿಯಾಗಿ ಗುಣವಾಯಿತೆಂದು ವೈದ್ಯರು ಹೇಳಿದಾಗ ಸಂತೋಷಕ್ಕಿಂತ ಮೊದಲು ನನಗೆ ಆದದ್ದು ಗಾಬರಿ. ಇನ್ನು ಯಾವ ನೆಪ ಹೇಳುವುದೆಂದು ಆ ಕುರ್ಚಿಯಲ್ಲಿ ಕುಳಿತೇ ಯೋಚಿಸತೊಡಗಿದ್ದೆ. ಮಲಗಿದ್ದ ತಿಂಗಳುಗಳಲ್ಲಿ, ಯಾರೂ ನನ್ನನ್ನು ಬೆಟ್ಟಕ್ಕೆ ಕರೆಯಲಾರರೆಂಬ ನೆಮ್ಮದಿಯೂ ಒಂದಿಷ್ಟು ಇತ್ತು. ಬೆಟ್ಟದ ಹಂಬಲವೂ ಅದರ ಪಕ್ಕದಲ್ಲೇ ಇತ್ತೆನ್ನುವುದು ನನಗೇ ಸರಿಯಾಗಿ ಅರ್ಥವಾಗದ ಸಂಗತಿ.

ಅದಿರಲಿ. ಆ ಪಟ್ಟಿಯ ಅಗತ್ಯವಿಲ್ಲವೆಂದು ವೈದ್ಯರು ಹೇಳಿ ಬಹಳ ದಿನಗಳಾದವು. ಹತ್ತುವ ಫೋಟೋದಲ್ಲಿ ಎಡಗಾಲಿನಲ್ಲಿದ್ದ ಪಟ್ಟಿ ಇಳಿಯುವ ಫೋಟೋದಲ್ಲಿ ಬಲಗಾಲಿಗೆ ಹೇಗೆ ಬಂತೆಂದು ಇಲ್ಲಿ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಮೊಬೈಲಿನ ಮುಂದಿನ ಕ್ಯಾಮೆರಾ ಎಡವನ್ನು ಬಲವಾಗಿ ತೋರಿಸುತ್ತದೆ. ಆ ಫೋಟೋ ತೆಗೆದದ್ದು ಚೀಲ ಹೊರಲು ಬಂದ ಹುಡುಗನೆಂಬ ವಾದವನ್ನು ನಾನು ಒಪ್ಪುವುದಿಲ್ಲ.

ಮುಂದಿನ ಸಲ ನೀನೂ ಬಾ. ಹತ್ತುವಾಗ ಎಷ್ಟು ಬೇಕಾದರೂ ಮುಂದೆ ಓಡು, ಇಳಿಯುವಾಗ ಮಾತ್ರ ನನ್ನ ಹಿಂದೆ ಇರು. ಊರುಗೋಲುಗಳನ್ನು ನಾನು ತರುತ್ತೇನೆ.

ಇತಿ,
ನಿನ್ನ ಜವಾಬ್ದಾರಿಯುತ ಗೆಳೆಯ