ಸುತ್ತಿಗೆಗೊಂದು ಪತ್ರ

ಪ್ರೀತಿಯ ಸುತ್ತಿಗೆ,

ಈ ಹೆಸರಿನಿಂದ ನಿನ್ನನ್ನು ಕರೆದು ಎಷ್ಟು ವರ್ಷವಾಯಿತೋ. ಹೆಸರು ಬಂದ ಕಥೆಯನ್ನು ಇಲ್ಲಿ ಯಾರಿಗೂ ಹೇಳುವುದಿಲ್ಲ, ಹೆದರಬೇಡ. ನಾಲ್ಕು ಜನ ಓದುವ ಜಾಗದಲ್ಲಿ ನಿನಗೆ ಪತ್ರ ಬರೆಯುವುದಕ್ಕೆ ಕಾರಣವಿದೆ. ಫೋನಿನಲ್ಲಾದರೆ ನೀನು ನಡುವೆಯೇ ಮಾತು ತಿರುಗಿಸುತ್ತೀಯೆ, ನಾನೂ ಅದಕ್ಕೇ ಕಾದವನಂತೆ ಜಾರಿಕೊಳ್ಳುತ್ತೇನೆ. ಈ ಸಲ ಜಾರಿಕೊಳ್ಳಬಾರದು ಎಂದು ಕುಳಿತಿದ್ದೇನೆ.

ನಮ್ಮ ವಿಭಾಗದಲ್ಲಿ ತರಬೇತಿಯಲ್ಲಿರುವ ವೈದ್ಯೆಯೊಬ್ಬಳು ಸ್ನಾತಕೋತ್ತರ ಪರೀಕ್ಷೆಯ ಲಿಖಿತ ಭಾಗದಲ್ಲಿ ಮೂರನೆಯ ಸಲ ನಪಾಸಾದಳು. ವಾರ್ಡಿನಲ್ಲಿ ಅವಳಂಥವರು ಅಪರೂಪ. ಒಂದು ರಾತ್ರಿ ರೋಗಿಯೊಬ್ಬರ ಚಾರ್ಟಿನಲ್ಲಿ ನಾಡಿ, ರಕ್ತದೊತ್ತಡ ಎಲ್ಲವೂ ಸರಿಯಾಗಿಯೇ ಇದ್ದವು. ಇವಳು ಮಾತ್ರ ಹಾಸಿಗೆಯ ಪಕ್ಕದಿಂದಲೇ ನನಗೆ ಫೋನ್ ಮಾಡಿ, "ಸರ್, ಸಂಜೆ ಇವರು ಮಗಳ ವಿಷಯ ಮಾತನಾಡುತ್ತಿದ್ದರು, ಈಗ ಬರೀ ತಲೆಯಾಡಿಸುತ್ತಿದ್ದಾರೆ" ಎಂದಳು. ಸೋಂಕು ರಕ್ತಕ್ಕೆ ಇಳಿಯುತ್ತಿದ್ದ ಹೊತ್ತು ಅದು. ಬೆಳಗಿನವರೆಗೆ ಬಿಟ್ಟಿದ್ದರೆ ಕೈಮೀರುತ್ತಿತ್ತು.

ಅಂಥವಳು ನಪಾಸಾದ ಮೊದಲ ಎರಡು ಸಲವೂ ನಾನು ಹೇಳಿದ್ದು ಒಂದೇ ಮಾತು: "ಇನ್ನೂ ಸ್ವಲ್ಪ ಓದಮ್ಮ." ಮೂರನೆಯ ಸಲವೂ ಅದನ್ನೇ ಹೇಳಹೊರಟಿದ್ದೆ. ಅಷ್ಟರಲ್ಲಿ ಅವಳು ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಮೂತ್ರಪಿಂಡದ ಅಧ್ಯಾಯ. ಪುಟದ ತುಂಬ ಹಳದಿ ಬಣ್ಣ, ಅದರ ಮೇಲೆ ಗುಲಾಬಿ, ಗುಲಾಬಿಯ ಮೇಲೆ ಹಸಿರು ಗೆರೆ. ಬಣ್ಣ ತಾಗದ ಒಂದು ಸಾಲಿಗಾಗಿ ಹುಡುಕಿದೆ. ಚಿತ್ರದ ಅಡಿಬರಹಕ್ಕೂ ಬಣ್ಣ ಬಿದ್ದಿತ್ತು. ಒಂದೊಂದು ಸಲದ ಪರೀಕ್ಷೆಗೆ ಒಂದೊಂದು ಬಣ್ಣವಂತೆ. "ಇನ್ನು ಎಲ್ಲಿ ಓದಲಿ, ಸರ್?" ಎಂದು ಕೇಳಿದಳು. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು.

ಸುತ್ತಿಗೆ, ಜ್ವರ ಎಂದು ಬಂದವರಿಗೆ ನಾವು ಎಂದಿನಿಂದ, ಚಳಿಯಿದೆಯೇ, ಕೆಮ್ಮಿದೆಯೇ ಎಂದು ಕೇಳದೆ ಮಾತ್ರೆ ಬರೆಯುವುದಿಲ್ಲ. ನಪಾಸಾಗಿ ಬಂದವರನ್ನು ಮಾತ್ರ ಏನೂ ಕೇಳದೆ ಕಳಿಸಿಬಿಡುತ್ತೇವೆ. ಅಂದು ಅವಳು ಅಭ್ಯಾಸ ಪತ್ರಿಕೆಯಲ್ಲಿ ತಪ್ಪು ಮಾಡಿದ ನಲವತ್ತು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಕುಳಿತೆವು. ವಿಷಯ ಗೊತ್ತಿಲ್ಲದೆ ತಪ್ಪಿದ್ದೆಷ್ಟು, ಪ್ರಶ್ನೆಯನ್ನೇ ಬೇರೆಯಾಗಿ ಓದಿಕೊಂಡಿದ್ದೆಷ್ಟು, ಸರಿಯುತ್ತರ ಹಾಕಿ ಆಮೇಲೆ ಬದಲಿಸಿದ್ದೆಷ್ಟು, ಹೊತ್ತು ಸಾಲದೆ ಅಂದಾಜಿಗೆ ಗುರುತು ಹಾಕಿದ್ದೆಷ್ಟು ಎಂದು ಲೆಕ್ಕ ಹಾಕಿದೆವು. ಗೊತ್ತಿಲ್ಲದೆ ತಪ್ಪಿದವು ಒಂಬತ್ತೇ ಒಂಬತ್ತು. ಉದ್ದದ ಪ್ರಶ್ನೆ ಬಂದರೆ ಮೂರು ಸಲ ಓದುತ್ತಾಳೆ. 'ಹೊರತುಪಡಿಸಿ' ಎಂಬ ಪದ ಕಣ್ಣಿನಿಂದ ಜಾರಿಹೋಗುತ್ತದೆ. ಕೊನೆಯ ಇಪ್ಪತ್ತು ಪ್ರಶ್ನೆಗಳಿಗೆ ಸಮಯವೇ ಉಳಿಯುವುದಿಲ್ಲ. ಚಿಕ್ಕಂದಿನಿಂದಲೂ ಹೀಗೆಯೇ, ಬೇರೆಯವರ ಎರಡರಷ್ಟು ಹೊತ್ತು ಕುಳಿತು ಸರಿದೂಗಿಸಿಕೊಂಡು ಬಂದೆ ಎಂದಳು. ಡಿಸ್ಲೆಕ್ಸಿಯಾ, ಎಂದರೆ ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದುವುದರಲ್ಲಿ ಹುಟ್ಟಿನಿಂದಲೇ ಇರುವ ತೊಡಕು, ಇದೆಯೇ ಎಂದು ತಜ್ಞರ ಬಳಿ ತಪಾಸಣೆಗೆ ಕಳಿಸಿದ್ದೇನೆ. ದುಡಿಮೆಯಿಂದಲೇ ಅದನ್ನು ಮುಚ್ಚಿಕೊಂಡು ಬಂದವರು ಎಷ್ಟೋ ಸಲ ಮೊದಲು ಎಡವುವುದು ಈ ಹಂತದಲ್ಲಿ. ವರದಿ ಕೊಟ್ಟರೆ ಹೆಚ್ಚಿನ ಸಮಯ ಕೊಡುವ ಪರೀಕ್ಷಾ ಮಂಡಳಿಗಳಿವೆ. ಆದರೆ ಕೇಳಬಹುದು ಎಂಬುದನ್ನು ಅವಳಿಗೆ ಯಾರಾದರೂ ಹೇಳಬೇಕಿತ್ತಲ್ಲ.

ಆ ಬಣ್ಣಗಳ ವಿಷಯಕ್ಕೆ ಬರುತ್ತೇನೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರು ಸರದಿ ಪಾಠ ನೋಡದೆ ನೆನಪಾದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದಾಗ ಅವರಿಗೆ ನೆನಪಿದ್ದದ್ದು ಶೇಕಡಾ 40, ಬರೆದು ನೋಡಿದವರಿಗೆ ಶೇಕಡಾ 61. ನನ್ನ ಮನಸ್ಸಿಗೆ ತಾಗಿದ್ದು ಇನ್ನೊಂದು ಸಂಗತಿ. ನಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ನಂಬಿಕೆ ಹೆಚ್ಚಿದ್ದದ್ದು ಬರೀ ಓದಿದವರಿಗೇ. ಇವಳ ಕೈಗೆ ಖಾಲಿ ಹಾಳೆ ಕೊಟ್ಟು, ಮೂರು ಬಣ್ಣ ಹಚ್ಚಿದ ಆ ಅಧ್ಯಾಯವನ್ನೇ ಬರೆ ಎಂದೆ. ಎರಡೂವರೆ ಸಾಲು ಬರೆದು ಪೆನ್ನು ಕೆಳಗಿಟ್ಟಳು. ಕಣ್ಣಲ್ಲಿ ನೀರು. ಈಗ ದಿನಕ್ಕೊಂದು ಹಾಳೆ ತಂದು ತೋರಿಸುತ್ತಾಳೆ. ಮೊನ್ನೆಯದರಲ್ಲಿ ಹಿಂಬದಿಯೂ ತುಂಬಿತ್ತು.

ಇದೆಲ್ಲ ಹೇಳುವಾಗ ಒಂದನ್ನು ಬಿಟ್ಟುಬಿಟ್ಟರೆ ನಿನಗೆ ಅರ್ಧ ಸತ್ಯ ಹೇಳಿದಂತೆ. ವಿಭಾಗದ ಡ್ಯೂಟಿ ಪಟ್ಟಿ ಹಾಕುವವನು ನಾನು. ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ. ಮೂರರಲ್ಲಿ ಎರಡು ಸಲ ಪರೀಕ್ಷೆಯ ಹಿಂದಿನ ವಾರ ಅವಳಿಗೆ ಸಾಲಾಗಿ ರಾತ್ರಿ ಪಾಳಿ. ಅವಳು ಕೇಳಲಿಲ್ಲ, ನಾನು ನೋಡಲಿಲ್ಲ. ನಿದ್ದೆಯಲ್ಲಿ ನೆನಪು ಗಟ್ಟಿಯಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಪಾಠ ಮಾಡುವವನೂ ನಾನೇ.

ಪರೀಕ್ಷೆಯನ್ನು ಸಡಿಲಿಸಬೇಕೆಂದು ನಾನು ಹೇಳುತ್ತಿಲ್ಲ. ನಾಳೆ ಅವಳ ಮುಂದೆ ಮಲಗುವವರು ನಮ್ಮ ಅಪ್ಪ ಅಮ್ಮನೂ ಆಗಿರಬಹುದು. ಆದರೆ ಪರೀಕ್ಷೆ ಏನನ್ನು ಅಳೆಯುತ್ತಿದೆ ಎಂದು ಕೇಳುತ್ತಲೇ ಇರಬೇಕು. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಎಲ್ಲರಿಗೂ ಒಂದೇ ಬಗೆಯ ಸಣ್ಣ ಸಣ್ಣ ಪ್ರಾಯೋಗಿಕ ಪರೀಕ್ಷೆಗಳನ್ನು ಸಾಲಾಗಿ ಒಡ್ಡುವ ಓಸ್ಕಿ (OSCE) ಪದ್ಧತಿಯನ್ನು ಮುಂದಿಟ್ಟದ್ದೇ ಸಿಕ್ಕಿದ ರೋಗಿ, ಸಿಕ್ಕಿದ ಪರೀಕ್ಷಕರ ಮೇಲೆ ಹಣೆಬರಹ ನಿಲ್ಲಬಾರದೆಂದು. ಅದೇ ಬಗೆಯ ಪರೀಕ್ಷೆಯೂ ಬ್ರಿಟನ್ನಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಕುಟುಂಬ ವೈದ್ಯರ ಪರೀಕ್ಷೆಯಲ್ಲಿ ನಟರು ರೋಗಿಗಳಾಗಿ ಬರುತ್ತಿದ್ದರು, ಹತ್ತು ಹತ್ತು ನಿಮಿಷದ ಹದಿಮೂರು ಭೇಟಿಗಳು. ಹೊರದೇಶಗಳಲ್ಲಿ ಕಲಿತು ಬಂದ ವೈದ್ಯರು ಅದರಲ್ಲಿ ಬಹಳ ಹೆಚ್ಚು ಪ್ರಮಾಣದಲ್ಲಿ ನಪಾಸಾಗುತ್ತಿದ್ದರು. ಭಾರತ ಮೂಲದ ವೈದ್ಯರ ಸಂಘ ದಾವೆ ಹೂಡಿತು. 2014ರಲ್ಲಿ ನ್ಯಾಯಾಧೀಶರು ಪರೀಕ್ಷೆ ಕಾನೂನುಬದ್ಧವಾಗಿಯೇ ಇದೆ ಎಂದು ತೀರ್ಪಿತ್ತರು. ಆದರೆ ದಾವೆ ಹೂಡಿದವರಿಗೆ ನೈತಿಕ ಗೆಲುವು ಸಿಕ್ಕಿದೆ ಎಂದೂ ಹೇಳಿದರು. ಸೋತವರ ಕೈಯಲ್ಲಿ ಉಳಿದ ಆ ಒಂದು ಮಾತನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಆ ಸಂಜೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು: "ನೀವು ಯಾವತ್ತಾದರೂ ನಪಾಸಾಗಿದ್ದೀರಾ, ಸರ್?"

"ಇಲ್ಲ" ಎಂದುಬಿಟ್ಟೆ. ಯೋಚಿಸದೆಯೇ ಬಂದ ಮಾತು. ಅಷ್ಟು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ.

ಸುತ್ತಿಗೆ, ನೀನು ಮೊದಲು ನಪಾಸಾದ ಆ ಸಲ ನಾನು ಜ್ವರ ಬಂದು ಪರೀಕ್ಷೆಗೆ ಹೋಗಲಿಲ್ಲ ಎಂದಿದ್ದೆ. ನನಗೆ ಜ್ವರವಿರಲಿಲ್ಲ. ಬರೆದಿದ್ದೆ. ಆರು ಅಂಕಗಳಿಂದ ಹೋಗಿತ್ತು. ಫಲಿತಾಂಶ ಬಂದ ರಾತ್ರಿ ನೀನು ನನ್ನ ಕೋಣೆಗೆ ಬಂದು ಮಂಚದ ಮೇಲೆ ಕುಳಿತು, "ನಮ್ಮ ಗುಂಪಿನಲ್ಲಿ ನಾನೊಬ್ಬನೇ" ಎಂದೆ. ನಾನು ನಿನ್ನ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಹೇಳಿದೆ. ನೀನು ಕುಳಿತಿದ್ದ ಹಾಸಿಗೆಯ ಕೆಳಗೇ ನನ್ನ ಅಂಕಪಟ್ಟಿ ಇತ್ತು. ಮುಂದಿನ ಸಲ ನಾನು ಪಾಸಾದೆ, ನೀನು ಆಗಲಿಲ್ಲ. ಆಮೇಲೆ ನಾನು ಫೋನ್ ಮಾಡುವುದನ್ನು ಕಡಿಮೆ ಮಾಡಿದೆ. ನಿನಗೆ ನೋವಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಅದು ನಿನ್ನೆದುರು ನಿಂತರೆ ಆ ಸುಳ್ಳು ಹೊರಬಿದ್ದೀತೆಂಬ ಭಯ. ನೀನು ಮತ್ತೆ ಪರೀಕ್ಷೆಗೆ ಕೂರಲಿಲ್ಲ. ನಿಜ ಹೇಳಿದ್ದರೆ ನೀನು ಪಾಸಾಗುತ್ತಿದ್ದೆ ಎನ್ನಲಾರೆ. ಆದರೆ ಆ ರಾತ್ರಿ ನೀನೊಬ್ಬನೇ ಆಗಿರುತ್ತಿರಲಿಲ್ಲ.

ಮರುದಿನ ಅವಳನ್ನು ಕರೆದು ನಿಜ ಹೇಳಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. "ಎಷ್ಟು ಅಂಕಗಳಿಂದ, ಸರ್?"

"ಆರು."

"ನನ್ನದು ನಾಲ್ಕು" ಎಂದು, ತಿಂಗಳುಗಳ ನಂತರ ಮೊದಲ ಬಾರಿಗೆ ನಕ್ಕಳು.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ನಿನಗೆ ಬೈಯಬೇಕೆನಿಸಿದರೆ ಮನಸಾರೆ ಬೈ. ಎಲ್ಲರೂ ಓದಲಿ ಎಂದರೆ ಇಲ್ಲೇ ಬೈ. ಅದಕ್ಕೆ ಮುಂಚೆ ಒಂದು ಕೆಲಸವಿದೆ. ಅವಳೂ ಇನ್ನಿಬ್ಬರೂ ಸೇರಿ ಭಾನುವಾರ ಸಂಜೆ ಪ್ರಾಯೋಗಿಕ ಪರೀಕ್ಷೆಯ ಅಭ್ಯಾಸ ಮಾಡುತ್ತಾರೆ. ಪರೀಕ್ಷಕನಾಗಿ ನಾನಿದ್ದೇನೆ, ರೋಗಿಯ ಜಾಗ ಖಾಲಿಯಿದೆ. ಮೂರು ಬಗೆಯ ರೋಗಿ ಬೇಕು: ಎದೆನೋವು, ತಲೆಸುತ್ತು, ಮತ್ತೆ ಏನನ್ನೂ ನೇರವಾಗಿ ಹೇಳದ ಒಬ್ಬ ಗಂಡಸು. ಮೂರನೆಯದನ್ನು ನಿನ್ನಷ್ಟು ಚೆನ್ನಾಗಿ ಮಾಡುವವರು ಯಾರಿದ್ದಾರೆ? ನಾಲ್ಕಕ್ಕೆ ಬಾ. ಆ ಕೆಮ್ಮನ್ನು ಮರೆಯದೆ ತೆಗೆದುಕೊಂಡು ಬಾ.

ನಿನ್ನ,
ಹಳೆಯ ಕೋಣೆಯವನು